ಲೋಹದ ಮೇಲೆ ಒತ್ತಿದ ಅಂಕಿ: ಜರ್ಮನಿಯ ಬಲಾಬಲವನ್ನು ಎಣಿಸಿದವರ ಕುರಿತು ಒಂದು ಟಿಪ್ಪಣಿ

1940ರ ಜೂನ್ ತಿಂಗಳಲ್ಲಿ ಜರ್ಮನಿ ಎಷ್ಟು ಟ್ಯಾಂಕುಗಳನ್ನು ತಯಾರಿಸಿತು? ಮಿತ್ರರಾಷ್ಟ್ರಗಳ ಗುಪ್ತಚರ ವಿಭಾಗದ ಅಂದಾಜು 1,000. ಮರುವರ್ಷದ ಜೂನ್ ತಿಂಗಳಿಗೆ ಅದೇ ವಿಭಾಗ 1,550 ಎಂದಿತು. 1942ರ ಆಗಸ್ಟ್‌ಗೂ 1,550 ಎಂದೇ ಹೇಳಿತು. ಲಂಡನ್ನಿನ ಅಮೆರಿಕನ್ ರಾಯಭಾರ ಕಚೇರಿಯ ಆರ್ಥಿಕ ಯುದ್ಧ ವಿಭಾಗದಲ್ಲಿ ಕೆಲಸಮಾಡುತ್ತಿದ್ದವರು ಅದೇ ಮೂರು ತಿಂಗಳುಗಳಿಗೆ ಹಾಕಿದ ಲೆಕ್ಕ ಬೇರೆಯೇ ಇತ್ತು: 169, 244, 327. ಯುದ್ಧ ಮುಗಿದ ಮೇಲೆ ಜರ್ಮನಿಯ ದಾಖಲೆಗಳೇ ಕೈಗೆ ಬಂದವು. ಅವುಗಳಲ್ಲಿದ್ದದ್ದು 122, 271, 342.

ಈ ಮೂರು ಸಾಲುಗಳನ್ನು ಸಂಖ್ಯಾಶಾಸ್ತ್ರದ ಪಠ್ಯಗಳು ಒಂದು ಜಾಣ ಲೆಕ್ಕಕ್ಕೆ ಉದಾಹರಣೆಯಾಗಿ ಕೊಟ್ಟು ಮುಂದೆ ಹೋಗುತ್ತವೆ. ಲೆಕ್ಕ ಜಾಣತನದ್ದೇ, ನಿಜ. ಆದರೆ ನನ್ನ ಕುತೂಹಲ ಇರುವುದು ಬೇರೊಂದು ಕಡೆ. ಶತ್ರುವಿನ ಟ್ಯಾಂಕುಗಳನ್ನು ಇಷ್ಟು ಹತ್ತಿರದಿಂದ ಎಣಿಸಿದ ಅದೇ ಪಕ್ಷ, ಅದೇ ಶತ್ರುವಿನ ಒಟ್ಟು ಆರ್ಥಿಕ ತ್ರಾಣವನ್ನು ಅಳೆಯುವಾಗ ಮತ್ತೆ ಮತ್ತೆ ಎಡವಿತು. ಒಂದು ಕಡೆ ಕೈಹಿಡಿದದ್ದು ಇನ್ನೊಂದು ಕಡೆ ಯಾಕೆ ಕೈಕೊಟ್ಟಿತು ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಎಣಿಕೆಯ ಬಗೆ. ಜರ್ಮನಿಯ ಕಾರ್ಖಾನೆಗಳು ತಾವು ಮಾಡಿದ ಪ್ರತಿಯೊಂದು ಭಾಗದ ಮೇಲೂ ಗುರುತು ಒತ್ತುತ್ತಿದ್ದವು: ತಯಾರಕನ ಹೆಸರು ಅಥವಾ ಅದರ ಸಂಕೇತ, ತಯಾರಾದ ಕಾಲ, ಕ್ರಮಸಂಖ್ಯೆ, ಕೆಲವು ಕಡೆ ಎರಕದ ಅಚ್ಚಿನ ಸಂಖ್ಯೆ. ರಣರಂಗದಲ್ಲಿ ಸೆರೆಸಿಕ್ಕ ಅಥವಾ ಸುಟ್ಟು ಬಿದ್ದ ಯಂತ್ರಗಳಿಂದ ಈ ಗುರುತುಗಳನ್ನು ಬರೆದುಕೊಂಡು ಲಂಡನ್ನಿಗೆ ಕಳಿಸಲಾಗುತ್ತಿತ್ತು. 1943ರ ಆರಂಭದಿಂದ ಈ ಕೆಲಸ ವ್ಯವಸ್ಥಿತವಾಗಿ ನಡೆಯಿತು. ಅದರಲ್ಲಿ ತೊಡಗಿದ್ದ ರಿಚರ್ಡ್ ರಗಲ್ಸ್ ಮತ್ತು ಹೆನ್ರಿ ಬ್ರೋಡಿ 1947ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಇಡೀ ವಿಧಾನವನ್ನು ಬಿಡಿಸಿ ಬರೆದರು. ಮೇಲಿನ ಮೂರು ಸಾಲುಗಳೂ ಆ ಲೇಖನದಿಂದಲೇ ಪ್ರಸಿದ್ಧಿಗೆ ಬಂದದ್ದು.

ಲೆಕ್ಕದ ತಿರುಳು ಸರಳ. ಒಂದರಿಂದ ಶುರುವಾಗಿ ಬಿಡುವಿಲ್ಲದೆ ಸಾಗುವ ಸಂಖ್ಯಾಸರಣಿಯಿಂದ ಐದು ಗೇರ್‌ಬಾಕ್ಸುಗಳು ನಮ್ಮ ಕೈಗೆ ಸಿಕ್ಕಿವೆ ಎನ್ನೋಣ: 23, 57, 88, 131, 150. ಸರಣಿ 150ಕ್ಕೇ ನಿಂತಿತೆ? ನಿಂತಿರುವ ಸಂಭವ ಕಡಿಮೆ. ಸಿಕ್ಕ ಸಂಖ್ಯೆಗಳ ನಡುವೆ ಸರಾಸರಿ ಎಷ್ಟು ಅಂತರವಿದೆಯೋ, ಕೊನೆಯ ಸಂಖ್ಯೆಯ ಆಚೆಗೂ ಸುಮಾರು ಅಷ್ಟೇ ಅಂತರ ಇದ್ದೀತು. ಹಾಗಾಗಿ 150ನ್ನು ಐದರಿಂದ ಭಾಗಿಸಿ ಬಂದ 30ನ್ನು 150ಕ್ಕೆ ಕೂಡಿಸಿ ಒಂದನ್ನು ಕಳೆದರೆ 179. ಐದೇ ಸಂಖ್ಯೆಗಳಿರುವಾಗ ಈ ಅಂದಾಜು ಆರನೇ ಒಂದು ಪಾಲಿನಷ್ಟು ಆಚೀಚೆ ಹೋಗುವುದು ಸಹಜ. ಸಿಕ್ಕಿದ ಸಂಖ್ಯೆಗಳು ಹೆಚ್ಚಿದ ಹಾಗೆ ತಪ್ಪಿನ ಅಗಲ ಬೇಗ ಕಿರಿದಾಗುತ್ತದೆ.

ಇದು ಕಾಗದದ ಮೇಲೆ. ಕೈಯಲ್ಲಿದ್ದ ವಸ್ತು ಇಷ್ಟು ಸಾಧುವಾಗಿರಲಿಲ್ಲ. ಸರಣಿ ಒಂದರಿಂದಲೇ ಶುರುವಾಗಿದೆಯೆಂದು ಯಾರು ಹೇಳಬೇಕು? ಬೇರೆ ಬೇರೆ ಕಾರ್ಖಾನೆಗಳಿಗೆ ಬೇರೆ ಬೇರೆ ಸಂಖ್ಯಾಗುಚ್ಛ ಹಂಚಿದ್ದರೆ ನಡುವೆ ಬಿದ್ದ ಖಾಲಿ ಜಾಗ ಸುಳ್ಳು ಹೇಳುತ್ತದೆ. ಚಾಸಿ ಮತ್ತು ಎಂಜಿನ್ನಿನ ಸಂಖ್ಯೆಗಳಲ್ಲಿ ಇಂಥ ತೊಡಕು ಹೆಚ್ಚು ಇತ್ತು. ಗೇರ್‌ಬಾಕ್ಸಿನ ಸಂಖ್ಯೆಗಳು ಮಾತ್ರ ಎರಡು ಮುರಿಯದ ಸರಣಿಗಳಾಗಿ ಸಾಗಿದ್ದವು. ಅದಕ್ಕೇ ಅವು ಮುಖ್ಯ ಆಧಾರವಾದವು, ಉಳಿದವು ತಾಳೆ ನೋಡಲು ಒದಗಿದವು. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಸೆರೆಸಿಕ್ಕ ಟ್ಯಾಂಕುಗಳು ಚೀಟಿ ಎತ್ತಿದ ಹಾಗೆ ಯದೃಚ್ಛೆಯಿಂದ ಬಂದವಲ್ಲ. ಕಾರ್ಖಾನೆಯಿಂದ ರಣರಂಗಕ್ಕೆ ತಲುಪಲು ಕಾಲ ಹಿಡಿಯುತ್ತದೆ, ತೀರ ಹೊಸವು ಕೈಗೆ ಸಿಗುವುದೇ ತಡವಾಗಿ. ಇಷ್ಟೆಲ್ಲ ತೊಡಕುಗಳಿದ್ದೂ 1942ರ ಆಗಸ್ಟ್‌ನ ಅಂದಾಜು ನಿಜದಿಂದ ಹದಿನೈದು ಟ್ಯಾಂಕು ಮಾತ್ರ ದೂರವಿತ್ತು. 1940ರ ಜೂನ್ ಅಂದಾಜು ಅಷ್ಟು ಚೆನ್ನಾಗಿಲ್ಲ ಎಂಬುದನ್ನೂ ಹೇಳಬೇಕು. 122ಕ್ಕೆ 169 ಎಂದರೆ ಸುಮಾರು ನೂರಕ್ಕೆ ನಲವತ್ತರಷ್ಟು ಹೆಚ್ಚು. ಈ ವಿಧಾನವನ್ನು ಹೊಗಳುವ ಬರಹಗಳು ಇದನ್ನು ಸಾಮಾನ್ಯವಾಗಿ ಮುಚ್ಚಿಡುತ್ತವೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಪ್ಯಾಂಥರ್ ಟ್ಯಾಂಕಿನ ಚಕ್ರಗಳ ಪ್ರಸಂಗ. 1944ರ ಆರಂಭದ ಹೊತ್ತಿಗೆ ಈ ಹೊಸ, ಬಲವಾದ ಟ್ಯಾಂಕು ಎಷ್ಟು ಸಂಖ್ಯೆಯಲ್ಲಿ ಬರುತ್ತಿದೆ ಎಂಬುದು ಫ್ರಾನ್ಸಿನ ದಡದಲ್ಲಿ ಇಳಿಯಲು ಸಿದ್ಧವಾಗುತ್ತಿದ್ದವರಿಗೆ ತುರ್ತು ಪ್ರಶ್ನೆಯಾಗಿತ್ತು. ಟೈಗರ್ ಟ್ಯಾಂಕಿನ ಹಾಗೆ ಇದೂ ಅಪರೂಪಕ್ಕೆ ಎದುರಾಗುವಂಥದು ಎಂಬ ನಂಬಿಕೆ ಅಮೆರಿಕನ್ನರಲ್ಲಿ ಹಬ್ಬಿತ್ತು. ಕೈಯಲ್ಲಿದ್ದದ್ದು ಸೆರೆಸಿಕ್ಕ ಎರಡೇ ಎರಡು ಪ್ಯಾಂಥರ್‌ಗಳು. ಒಂದೊಂದಕ್ಕೆ 32ರಂತೆ ಒಟ್ಟು 64 ಚಕ್ರಗಳು. ಪ್ರತಿ ಚಕ್ರದ ಮೇಲೂ ಅದನ್ನು ಎರಕಹೊಯ್ದ ಅಚ್ಚಿನ ಗುರುತು. ಆ ಗುರುತುಗಳಿಂದ ಬಳಕೆಯಲ್ಲಿರುವ ಅಚ್ಚುಗಳ ಒಟ್ಟು ಸಂಖ್ಯೆಯನ್ನು ಅಂದಾಜಿಸಿದರು. ಆಮೇಲೆ ಬ್ರಿಟನ್ನಿನ ಚಕ್ರ ತಯಾರಕರನ್ನು ಕೇಳಿದರು: ಇಷ್ಟು ಅಚ್ಚುಗಳಿದ್ದರೆ ತಿಂಗಳಿಗೆ ಎಷ್ಟು ಚಕ್ರ ತೆಗೆಯಬಹುದು? ಎರಕದ ಕೆಲಸ ಬಲ್ಲವರು ತಮ್ಮ ಅನುಭವದಿಂದ ಉತ್ತರ ಕೊಟ್ಟರು. ಅದನ್ನು 32ರಿಂದ ಭಾಗಿಸಿದಾಗ 1944ರ ಫೆಬ್ರವರಿಯ ತಯಾರಿಕೆ 270 ಎಂದು ಬಂತು. ಅದುವರೆಗಿನ ಊಹೆಗಿಂತ ಇದು ಬಹಳ ಹೆಚ್ಚು. ಜರ್ಮನ್ ದಾಖಲೆಯಲ್ಲಿದ್ದದ್ದು 276.

ಇಲ್ಲಿ ಸೂತ್ರಕ್ಕಿಂತ ಆ ಎರಕದವರ ಮಾತಿಗೆ ನಾನು ಹೆಚ್ಚಿನ ತೂಕ ಕೊಡುತ್ತೇನೆ. ಸಂಖ್ಯಾಶಾಸ್ತ್ರ ಅಚ್ಚುಗಳನ್ನು ಎಣಿಸಿಕೊಟ್ಟಿತು, ಅಚ್ಚಿನಿಂದ ಚಕ್ರಕ್ಕೆ ದಾಟಿಸಿದ್ದು ಕೈಕಸುಬು. ಈ ಕಡೆಯ ಕಾರ್ಖಾನೆಯವರು ಆ ಕಡೆಯ ಕಾರ್ಖಾನೆಯವರ ದಿನಚರಿಯನ್ನು ಊಹಿಸಬಲ್ಲವರಾಗಿದ್ದರು. ಇಬ್ಬರ ಕುಲುಮೆಗೂ ಒಂದೇ ನಿಯಮ.

ಶತ್ರು ಈ ಸಂಖ್ಯೆಗಳನ್ನು ಯಾಕೆ ಅಳಿಸಲಿಲ್ಲ? ಅಳಿಸಲಾಗದ್ದರಿಂದ. ಕೆಟ್ಟ ಭಾಗ ಯಾವ ಕಾರ್ಖಾನೆಯದು, ಯಾವ ಕಂತಿನದು ಎಂದು ತಿಳಿಯದೆ ದೋಷ ತಿದ್ದಲು ಬಾರದು. ಬಿಡಿಭಾಗ ಹೊಂದಿಸಲು ಬಾರದು. ಸಂಕೇತ ಬಳಸಿ ಮರೆಮಾಡಬಹುದು, ಮಾಡಿಯೂ ಇದ್ದರು. ಆದರೆ ತನ್ನವರಿಗೆ ಓದಲು ಬರಬೇಕಾದ ಸಂಕೇತ ತಾಳ್ಮೆಯಿಂದ ಕುಳಿತ ಪರಕೀಯನಿಗೂ ಒಂದು ದಿನ ಓದಲು ಬರುತ್ತದೆ. ಭಾಷಣದಲ್ಲಿ ಶತ್ರು ಹೇಳುವುದು ನಮ್ಮನ್ನು ಉದ್ದೇಶಿಸಿ. ಗೇರ್‌ಬಾಕ್ಸಿನ ಮೇಲೆ ಒತ್ತಿದ್ದು ಅವನು ತನಗೆ ತಾನೇ ಬರೆದುಕೊಂಡದ್ದು. ಈ ಎರಡನೆಯದಕ್ಕೆ ಇರುವ ಸಾಕ್ಷ್ಯಬಲ ಮೊದಲನೆಯದಕ್ಕೆ ಇಲ್ಲ.

1,550ರಂಥ ಅಂಕಿ ಹುಟ್ಟಿದ್ದು ಸೆರೆಯಾಳುಗಳ ಹೇಳಿಕೆ, ಗೂಢಚಾರರ ವರದಿ, ಕಾರ್ಖಾನೆಗಳ ಸಾಮರ್ಥ್ಯದ ಊಹೆ ಮತ್ತು ಜರ್ಮನಿಯ ಪ್ರಚಾರ ಇವೆಲ್ಲದರ ಕಲಬೆರಕೆಯಿಂದ. ಇದರ ಹಿಂದೆ ಮನಸ್ಸಿನ ಒಂದು ಒತ್ತಡವೂ ಇತ್ತೆಂದು ನನಗನ್ನಿಸುತ್ತದೆ. 1940ರ ಮೇ ತಿಂಗಳಲ್ಲಿ ಜರ್ಮನಿ ಪಶ್ಚಿಮಕ್ಕೆ ನುಗ್ಗಿದ್ದು ಸುಮಾರು 2,500 ಟ್ಯಾಂಕುಗಳೊಡನೆ. ಎದುರಿಗಿದ್ದವರ ಬಳಿ ಅದಕ್ಕಿಂತ ಹೆಚ್ಚೇ ಇದ್ದವು. ಆರು ವಾರಗಳಲ್ಲಿ ಫ್ರಾನ್ಸ್ ಕುಸಿಯಿತು. ಕಡಿಮೆ ಟ್ಯಾಂಕುಗಳಿಗೆ ಸೋತೆವೆಂದು ಒಪ್ಪುವುದಕ್ಕಿಂತ ಅವರ ಬಳಿ ಲೆಕ್ಕವಿಲ್ಲದಷ್ಟು ಇದ್ದವೆಂದು ನಂಬುವುದು ಸೋತವನಿಗೆ ಸಮಾಧಾನ.

ನಮ್ಮ ಕಡೆಯ ಒಂದು ಗ್ರಂಥವನ್ನು ಇಲ್ಲಿ ನೆನೆಯುವುದು ಅಲಂಕಾರಕ್ಕಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಒಂಬತ್ತನೆಯ ಅಧಿಕರಣ ದಂಡೆತ್ತಿ ಹೋಗುವವನ ಕೆಲಸವನ್ನು ಹೇಳುತ್ತದೆ. ಅದರ ಮೊದಲ ವಿಷಯವೇ ಶಕ್ತಿ, ದೇಶ, ಕಾಲ ಇವುಗಳ ಬಲಾಬಲವನ್ನು ಅರಿಯುವುದು. ಗುಪ್ತಚರರ ಬಗ್ಗೆ ಕೌಟಿಲ್ಯ ಹಾಕುವ ಎರಡು ಕಟ್ಟಳೆಗಳನ್ನು ಸೇರಿಸಿ ಓದಬೇಕು. ಮೂವರ ವರದಿ ಒಂದಾದರೆ ನಂಬು ಎನ್ನುವುದು ಒಂದು. ಆ ಗೂಢಚಾರರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇರಕೂಡದು ಎನ್ನುವುದು ಇನ್ನೊಂದು. ಎರಡನೆಯದು ಇಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ. ಒಬ್ಬನಿಂದ ಕೇಳಿದ್ದನ್ನು ಇನ್ನಿಬ್ಬರು ಹೇಳಿದರೆ ಅದು ಮೂರು ಸಾಕ್ಷಿಯಲ್ಲ, ಒಂದೇ ಸಾಕ್ಷಿ. ಗೇರ್‌ಬಾಕ್ಸು, ಎಂಜಿನ್, ಚಕ್ರದ ಅಚ್ಚು ಇವು ಬೇರೆ ಬೇರೆ ಕೈಗಳಲ್ಲಿ ತಯಾರಾಗಿ ಬೇರೆ ಬೇರೆ ಸರಣಿಯಲ್ಲಿ ಗುರುತು ಹೊತ್ತವು. ಇವು ಒಬ್ಬರನ್ನೊಬ್ಬರು ಅರಿಯದ ಗೂಢಚಾರರು. ಇವುಗಳ ಮಾತು ಒಂದಾದಾಗ ನಂಬಲು ಕಾರಣವಿತ್ತು.

ಅರ್ಥಶಾಸ್ತ್ರದ ಇನ್ನೊಂದು ವಿಂಗಡಣೆಯೂ ಇಲ್ಲಿ ಬೇಕಾಗುತ್ತದೆ. ಕೋಶ ಮತ್ತು ದಂಡದ ಬಲ ಪ್ರಭುಶಕ್ತಿ, ಪರಾಕ್ರಮದ ಬಲ ಉತ್ಸಾಹಶಕ್ತಿ, ಜ್ಞಾನದ ಬಲ ಮಂತ್ರಶಕ್ತಿ. ಮೂರರಲ್ಲಿ ಕೌಟಿಲ್ಯ ಮೇಲಿನ ಸ್ಥಾನ ಕೊಟ್ಟದ್ದು ಮಂತ್ರಶಕ್ತಿಗೆ. ಕ್ರಮಸಂಖ್ಯೆ ಎಣಿಸಿದ್ದು ದಂಡವನ್ನು. ಇಕ್ಕಟ್ಟಿಗೆ ಸಿಕ್ಕ ಶತ್ರು ಏನು ಉಪಾಯ ಹೂಡಿಯಾನು ಎಂಬುದಕ್ಕೆ ಯಾವ ಲೋಹದ ಮೇಲೂ ಅಂಕಿ ಇರುವುದಿಲ್ಲ. ಬಾಲ್ ಬೇರಿಂಗಿನ ಪ್ರಸಂಗದಲ್ಲಿ ಮಿತ್ರಪಕ್ಷ ಎಡವಿದ್ದು ಇಲ್ಲೇ.

ಜರ್ಮನಿಯ ಬೇರಿಂಗ್ ತಯಾರಿಕೆಯ ಬಹುದೊಡ್ಡ ಪಾಲು ಷ್ವೈನ್‌ಫುರ್ಟ್ ಎಂಬ ಒಂದೇ ಊರಿನಲ್ಲಿ ನಡೆಯುತ್ತಿತ್ತು. ಇದು ಮಿತ್ರಪಕ್ಷಕ್ಕೆ ಸರಿಯಾಗಿಯೇ ತಿಳಿದಿತ್ತು. ಬೇರಿಂಗ್ ಇಲ್ಲದೆ ವಿಮಾನವಿಲ್ಲ, ಟ್ಯಾಂಕಿಲ್ಲ. ಹಾಗಾದರೆ ಆ ಊರನ್ನು ಮುರಿದರೆ ಇಡೀ ಯಂತ್ರ ನಿಂತೀತು. ತರ್ಕದಲ್ಲಿ ಹುಳುಕು ಕಾಣುವುದಿಲ್ಲ. 1943ರ ಆಗಸ್ಟ್ 17ರಂದು ಮತ್ತು ಅಕ್ಟೋಬರ್ 14ರಂದು ಅಮೆರಿಕದ ಬಾಂಬರ್‌ಗಳು ಹಗಲಿನಲ್ಲೇ ದಾಳಿ ಮಾಡಿದವು. ಎರಡನೆಯ ದಿನ ಒಂದೇ ದಾಳಿಯಲ್ಲಿ 60 ವಿಮಾನಗಳು ಹಿಂದಿರುಗಲಿಲ್ಲ. ಒಂದೊಂದರಲ್ಲಿ ಹತ್ತು ಜನ. ಕಾರ್ಖಾನೆಗಳಿಗೆ ನಿಜವಾಗಿಯೂ ಪೆಟ್ಟು ಬಿತ್ತು. ಆದರೆ ಯುದ್ಧಾನಂತರ ಅಮೆರಿಕದ್ದೇ ಬಾಂಬ್‌ದಾಳಿ ಸಮೀಕ್ಷೆ ಕಂಡುಕೊಂಡದ್ದು, ಈ ದಾಳಿಗಳಿಂದ ಅಗತ್ಯ ಯುದ್ಧಸಾಮಗ್ರಿಯ ತಯಾರಿಕೆಗೆ ಅಳೆಯಬಹುದಾದ ಕುಂದೇನೂ ಬಂದಿರಲಿಲ್ಲ ಎಂದು. ಕಾರ್ಖಾನೆಗಳ ಬಳಿ ದಾಸ್ತಾನಿತ್ತು. ಸ್ವೀಡನ್ನಿನಿಂದ ಒಂದಿಷ್ಟು ಬರುತ್ತಿತ್ತು. ಯಂತ್ರಗಳನ್ನು ಬೇರೆ ಊರುಗಳಿಗೆ ಚದುರಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಎಂಜಿನಿಯರುಗಳು ವಿನ್ಯಾಸ ಬದಲಿಸಿ, ಸಾದಾ ಬೇರಿಂಗ್ ಸಾಕಾಗುವ ಕಡೆಯಲ್ಲೆಲ್ಲ ಅದನ್ನೇ ಹಾಕಿದರು. ಷ್ವೈನ್‌ಫುರ್ಟಿನ ಪಾಲು ಎಷ್ಟು ಎಂಬ ಅಂಕಿ ಸರಿಯಿತ್ತು. ಪಾಲು ತಪ್ಪಿದಾಗ ಜನ ಏನು ಮಾಡುತ್ತಾರೆ ಎಂಬುದು ಲೆಕ್ಕದ ಹೊರಗೇ ಉಳಿದಿತ್ತು.

ಇದರ ಪಕ್ಕದಲ್ಲೇ ಎಣ್ಣೆಯ ಪ್ರಸಂಗವನ್ನು ಇಡಬೇಕು. ಇಲ್ಲದಿದ್ದರೆ ಆರ್ಥಿಕ ಗುಪ್ತಚರ್ಯೆಯೇ ನಿಷ್ಪ್ರಯೋಜಕ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಜರ್ಮನಿ ಕಲ್ಲಿದ್ದಲಿನಿಂದ ಇಂಧನ ತಯಾರಿಸುತ್ತಿತ್ತು. ಲೊಯ್ನಾದಂಥ ದೊಡ್ಡ ಸ್ಥಾವರಗಳ ಮೇಲೆ 1944ರ ಮೇ 12ರಿಂದ ದಾಳಿ ಶುರುವಾಯಿತು. ಏಪ್ರಿಲ್‌ನಲ್ಲಿ 1,75,000 ಟನ್ ಇದ್ದ ವಿಮಾನ ಇಂಧನದ ತಯಾರಿಕೆ ಜುಲೈಯಲ್ಲಿ 30,000ಕ್ಕೆ, ಸೆಪ್ಟೆಂಬರ್‌ನಲ್ಲಿ 5,000ಕ್ಕೆ ಇಳಿಯಿತು. ವಿಮಾನಗಳಿದ್ದವು, ಹಾರಿಸಲು ಎಣ್ಣೆ ಇರಲಿಲ್ಲ. ಹೊಸ ಪೈಲಟ್‌ಗಳಿಗೆ ತರಬೇತಿ ಕೊಡಲೂ ಇರಲಿಲ್ಲ. ಬೇರಿಂಗಿಗೂ ಎಣ್ಣೆಗೂ ಇರುವ ವ್ಯತ್ಯಾಸ ಪ್ರಮಾಣದ್ದಲ್ಲ. ಬೇರಿಂಗಿಗೆ ಬದಲಿ ಇತ್ತು, ಚದುರಿಸಲು ಬರುತ್ತಿತ್ತು. ಎಣ್ಣೆಗೆ ಬದಲಿ ಇಲ್ಲ. ಮೈಲಿಗಟ್ಟಲೆ ಹರಡಿದ ಕೊಳವೆ, ಗೋಪುರಗಳ ಸ್ಥಾವರವನ್ನು ಬಿಚ್ಚಿ ಹಳ್ಳಿಯ ಕಣಜದಲ್ಲಿ ಅಡಗಿಸಲು ಬಾರದು. ಲಂಡನ್ನಿನ ಅದೇ ರಾಯಭಾರ ಕಚೇರಿಯ ಅರ್ಥಶಾಸ್ತ್ರಜ್ಞರು ಎಣ್ಣೆಯ ಗುರಿಯನ್ನು ಎತ್ತಿಹಿಡಿದು ಪಟ್ಟಾಗಿ ವಾದಿಸಿದ್ದರು. ಅವರ ವಾದವನ್ನು ಇನ್ನೂ ಮುಂಚೆ ಕೇಳಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ ಎಂದು ಯೋಚಿಸದೆ ಈ ಅಂಕಿಗಳನ್ನು ಓದುವುದು ನನಗೆ ಸಾಧ್ಯವಾಗಿಲ್ಲ.

ಎದುರು ಪಕ್ಷದ ಅಳತೆಯನ್ನೂ ಒಂದು ಮಾತಿನಲ್ಲಿ ನೋಡಬಹುದು. 1940ರ ಜುಲೈಯಲ್ಲಿ ಜರ್ಮನ್ ವಾಯುಪಡೆಯ ಗುಪ್ತಚರ ವಿಭಾಗ ಬ್ರಿಟನ್ನಿನ ಫೈಟರ್ ತಯಾರಿಕೆಯನ್ನು ತಿಂಗಳಿಗೆ ಮುನ್ನೂರರ ಆಸುಪಾಸು ಎಂದೇ ಬಗೆದಿತ್ತು. ಆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅದು ಪ್ರತಿ ತಿಂಗಳೂ 450 ದಾಟಿತ್ತು. ರಷ್ಯಾದ ವಿಷಯದಲ್ಲಿ ತಪ್ಪು ಇನ್ನೂ ಘೋರ. ದಾಳಿ ಶುರುವಾಗಿ ಎರಡು ತಿಂಗಳು ತುಂಬುವ ಮುನ್ನ, 1941ರ ಆಗಸ್ಟ್ 11ರಂದು, ಜರ್ಮನ್ ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಫ್ರಾನ್ಸ್ ಹಾಲ್ಡರ್ ತನ್ನ ದಿನಚರಿಯಲ್ಲಿ ಬರೆದುಕೊಂಡ: ಸುಮಾರು 200 ಡಿವಿಜನ್ ಎಂದುಕೊಂಡಿದ್ದೆವು, ಈಗಾಗಲೇ 360 ಎಣಿಸಿದ್ದೇವೆ ಎಂಬ ಅರ್ಥದಲ್ಲಿ. ಮರುವರ್ಷ ಜೂನ್ 4ರಂದು ಫಿನ್ಲೆಂಡಿನಲ್ಲಿ ಅಲ್ಲಿಯ ಸೇನಾನಾಯಕ ಮಾನರ್‌ಹೈಮ್ ಜತೆ ಮಾತಾಡುತ್ತ ಹಿಟ್ಲರ್, ಒಂದು ದೇಶ 35,000 ಟ್ಯಾಂಕು ಹೂಡಬಲ್ಲದೆಂದು ಯಾರಾದರೂ ಮೊದಲೇ ಹೇಳಿದ್ದರೆ ನಂಬುತ್ತಿರಲಿಲ್ಲ ಎಂದದ್ದು ಗುಟ್ಟಾಗಿ ಧ್ವನಿಮುದ್ರಣಗೊಂಡು ಉಳಿದಿದೆ. ಹೇಳಿದವರು ಇರಲಿಲ್ಲವೆಂದಲ್ಲ. 1937ರಷ್ಟು ಹಿಂದೆಯೇ ಜರ್ಮನ್ ಸೇನಾಧಿಕಾರಿ ಗುಡೇರಿಯನ್ ತನ್ನ ಪುಸ್ತಕದಲ್ಲಿ ರಷ್ಯಾದ ಬಳಿ 10,000 ಟ್ಯಾಂಕುಗಳಿವೆ ಎಂದು ಅಚ್ಚುಹಾಕಿಸಿದ್ದ. ಕೀಳು ಎಂದು ಮೊದಲೇ ತೀರ್ಮಾನಿಸಿದ ಜನಾಂಗದ ಬಳಿ ಅಷ್ಟು ಇದ್ದೀತೆಂದು ಒಪ್ಪಲು ಮನಸ್ಸು ಸಿದ್ಧವಿರಲಿಲ್ಲ. 1940ರಲ್ಲಿ ಸೋತವರು ಶತ್ರುವಿನ ಅಂಕಿಯನ್ನು ಉಬ್ಬಿಸಿದರು, 1941ರಲ್ಲಿ ಗೆಲ್ಲುತ್ತಿದ್ದವರು ಕುಗ್ಗಿಸಿದರು.

ಕಡೆಗೆ ಶತ್ರುವಿನ ಲೆಕ್ಕಪುಸ್ತಕವೇ ಕೈಗೆ ಬಂದಾಗಲಾದರೂ ಅಳತೆ ಸುಲಭವಾಯಿತೇ? ಇಲ್ಲ. ಬಾಂಬ್‌ದಾಳಿ ಸಮೀಕ್ಷೆಯ ಆರ್ಥಿಕ ಭಾಗದ ಹೊಣೆ ಹೊತ್ತವರು ಜಾನ್ ಕೆನೆತ್ ಗಾಲ್‌ಬ್ರೈತ್, ಮುಂದೆ 1961ರಿಂದ ಭಾರತಕ್ಕೆ ಅಮೆರಿಕದ ರಾಯಭಾರಿಯಾಗಿ ಬಂದವರು. ಅವರ ಜತೆಗಿದ್ದವರಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡೋರ್ ಒಬ್ಬರು. ಜರ್ಮನ್ ಸಂಖ್ಯಾಶಾಸ್ತ್ರಜ್ಞ ರೋಲ್ಫ್ ವಾಗನ್‌ಫ್ಯೂರ್ ಕಟ್ಟಿದ್ದ ಸೂಚ್ಯಂಕದ ಪ್ರಕಾರ 1942ರ ಜನವರಿ-ಫೆಬ್ರವರಿಯ ಶಸ್ತ್ರಾಸ್ತ್ರ ತಯಾರಿಕೆ 100 ಆಗಿದ್ದರೆ, ಬಾಂಬುಗಳ ಮಳೆಯ ನಡುವೆಯೂ 1944ರ ಜುಲೈಯಲ್ಲಿ ಅದು 322. ಯುದ್ಧದ ಮೊದಲ ವರ್ಷಗಳಲ್ಲಿ ಜರ್ಮನಿ ಸಡಿಲವಾಗಿಯೇ ಇತ್ತು, ತನ್ನ ಶಕ್ತಿಯನ್ನು ಪೂರ್ತಿ ತೊಡಗಿಸಿರಲಿಲ್ಲ, ಆಲ್ಬರ್ಟ್ ಸ್ಪೇರ್ ಶಸ್ತ್ರಾಸ್ತ್ರ ಮಂತ್ರಿಯಾದ ಮೇಲೆ ಎಲ್ಲ ಬದಲಾಯಿತು ಎಂಬ ವಾದ ಇದರಿಂದ ಹುಟ್ಟಿತು. ಬ್ರಿಟನ್ ಅಂದುಕೊಂಡಿದ್ದು ಇದಕ್ಕೆ ತದ್ವಿರುದ್ಧ: 1939ರಲ್ಲೇ ಆ ಆರ್ಥಿಕತೆ ಬಿರಿಯುವಷ್ಟು ಬಿಗಿದಿದೆ, ದಿಗ್ಬಂಧನ ಹಾಕಿದರೆ ಹರಿದೀತು.

ಮುಂದೆ ಇತಿಹಾಸಕಾರ ಆ್ಯಡಮ್ ಟೂಜ್ ತಮ್ಮ 2006ರ ಗ್ರಂಥದಲ್ಲಿ ಈ 322ನ್ನೇ ಪ್ರಶ್ನಿಸಿದರು. ಆಧಾರಕ್ಕೆ ಹಿಡಿದ ಎರಡು ತಿಂಗಳುಗಳಲ್ಲಿ ತಯಾರಿಕೆ ತಗ್ಗಿತ್ತು, ತಗ್ಗಿನಿಂದ ಅಳೆದರೆ ಯಾವ ಗುಡ್ಡವೂ ಎತ್ತರವೇ. ಅದಕ್ಕೂ ಮುಂಚೆ ಹೂಡಿದ್ದ ಬಂಡವಾಳವೇ ಆಮೇಲೆ ಫಲ ಕೊಟ್ಟಿತ್ತು. ಹೆಂಗಸರನ್ನು ದುಡಿಮೆಗೆ ತೊಡಗಿಸಲಿಲ್ಲ ಎಂಬುದೂ ಸಡಿಲತನಕ್ಕೆ ಪುರಾವೆಯಾಗಿ ಬರುತ್ತಿತ್ತು. 1939ರಲ್ಲೇ ಜರ್ಮನಿಯ ದುಡಿಮೆಯಲ್ಲಿ ಹೆಂಗಸರ ಪಾಲು ಬ್ರಿಟನ್ನಿಗಿಂತ ಹೆಚ್ಚಿತ್ತೆಂದು ಅವರು ತೋರಿಸಿದರು. ಟೂಜ್ ವಾದವೇ ನನಗೆ ಹೆಚ್ಚು ಒಪ್ಪಿಗೆ. ಅರವತ್ತು ವರ್ಷಗಳ ಆಚೆ, ಎಲ್ಲ ಕಡತಗಳೂ ತೆರೆದ ಮೇಲೆ, ವಿದ್ವಾಂಸರು ಇನ್ನೂ ಆ ಆರ್ಥಿಕತೆ ಬಿಗಿಯಿತ್ತೋ ಸಡಿಲವಿತ್ತೋ ಎಂದು ಚರ್ಚಿಸುತ್ತಿರುವಾಗ, 1940ರಲ್ಲಿ ದಿಗ್ಬಂಧನದ ಕಚೇರಿಯಲ್ಲಿ ಕುಳಿತು ಅಂದಾಜಿಸಿದವರನ್ನು ಹಗುರವಾಗಿ ದೂಷಿಸಬಾರದು.

322 ಎಂಬ ಅಂಕಿಯ ಒಳಗೆ ಇನ್ನೊಂದು ಲೆಕ್ಕವಿದೆ. 1944ರ ಆಗಸ್ಟ್ ಹೊತ್ತಿಗೆ ಜರ್ಮನಿಯಲ್ಲಿ ದುಡಿಯುತ್ತಿದ್ದ ಪರದೇಶಿಗಳು ಮತ್ತು ಯುದ್ಧಕೈದಿಗಳು ಸುಮಾರು 76 ಲಕ್ಷ. ಬಹುಪಾಲು ಬಲವಂತದಿಂದ ತಂದವರು. ಲಂಡನ್ನಿನವರು ಕ್ರಮಸಂಖ್ಯೆಯಿಂದ ಎಣಿಸಿದ ಶಸ್ತ್ರಗಳಲ್ಲಿ ವಿ-2 ರಾಕೆಟ್ಟೂ ಒಂದು. ಅದು ತಯಾರಾಗುತ್ತಿದ್ದದ್ದು ಹಾರ್ಟ್ಸ್ ಬೆಟ್ಟಗಳ ಅಡಿಯ ಸುರಂಗದಲ್ಲಿ, ಮಿಟ್ಟೆಲ್‌ಬಾವ್-ಡೋರಾ ಶಿಬಿರದ ಕೈದಿಗಳಿಂದ. ಆ ಶಿಬಿರಗಳನ್ನು ಹೊಕ್ಕ ಸುಮಾರು 60,000 ಜನರಲ್ಲಿ 20,000ದಷ್ಟು ಜನ ಸತ್ತರು. ಹಾರಿಬಿಟ್ಟ ವಿ-2ಗಳು ಸುಮಾರು 3,000. ರಾಕೆಟ್ಟಿನ ಚೂರಿನ ಮೇಲಿನ ಅಂಕಿಯಿಂದ ಎಷ್ಟು ತಯಾರಾಗಿವೆಯೆಂದು ತಿಳಿಯಬಹುದಿತ್ತು. ಯಾರು, ಯಾವ ಸ್ಥಿತಿಯಲ್ಲಿ ತಯಾರಿಸಿದರೆಂದು ಅದರಿಂದ ತಿಳಿಯುವಂತಿರಲಿಲ್ಲ. 1945ರ ಮೇ ತಿಂಗಳಲ್ಲಿ ಗ್ಲುಕ್ಸ್‌ಬುರ್ಗ್ ಕೋಟೆಯಲ್ಲಿ ಗಾಲ್‌ಬ್ರೈತ್ ಮತ್ತು ಸಂಗಡಿಗರು ಸ್ಪೇರ್‌ನನ್ನು ಕೂರಿಸಿಕೊಂಡು ಕೇಳಿದ್ದು ತಯಾರಿಕೆಯ ಬಗ್ಗೆ, ಬಾಂಬಿನ ಪರಿಣಾಮದ ಬಗ್ಗೆ. ಅವನು ಸರಾಗವಾಗಿ ಉತ್ತರ ಕೊಟ್ಟ. ಆ ದುಡಿಮೆಗಾರರ ಪ್ರಶ್ನೆ ಅವನ ಮುಂದೆ ಆಪಾದನೆಯಾಗಿ ಬಂದದ್ದು ನ್ಯೂರೆಂಬರ್ಗಿನಲ್ಲಿ. ಅಲ್ಲಿ 1946ರಲ್ಲಿ ಅವನಿಗೆ 20 ವರ್ಷಗಳ ಸೆರೆಯಾಯಿತು.